ಓರೆ ಪಟ್ಟಿ

ಮಾರ್ಚ್ 3, ಮಧ್ಯಾಹ್ನ 3.10

ಮಹಾಜನಗಳೇ, ಸಭಾಸದರೇ, ಈ ಡೈರಿಯೊಳಗೆ ಆಸೀನರಾಗಿರುವ ಗಣ್ಯರೇ! ತಮ್ಮ ಅಮೂಲ್ಯ ಸಮಯದಲ್ಲಿ ಎರಡು ನಿಮಿಷ ಈ ಬಡಪಾಯಿಗೆ ದಯಪಾಲಿಸಬೇಕು. ಹೆಚ್ಚು ಬೇಡ. ನನ್ನ ಕೆಲಸದಲ್ಲಿ ಎರಡು ನಿಮಿಷ ಅಂದರೆ ಮೂವತ್ತು ಕಿಲೋಮೀಟರು.

ಆಕಾಶದಲ್ಲಿ ವಿಮಾನಗಳನ್ನು ದೂರ ದೂರ ಇಡುವುದು ನನ್ನ ಉದ್ಯೋಗ. ಅಕ್ಕಪಕ್ಕ ಐದು ಮೈಲಿ, ಇಲ್ಲವೇ ಮೇಲೆ ಕೆಳಗೆ ಸಾವಿರ ಅಡಿ. ಇಪ್ಪತ್ತೊಂದು ವರ್ಷ ಇಟ್ಟೆ. ನಿನ್ನೆ ಬೆಳಿಗ್ಗೆ 11.04ಕ್ಕೆ ಎರಡು ವಿಮಾನಗಳು ಒಂದೇ ಎತ್ತರದಲ್ಲಿ ಎರಡು ಮೈಲಿ ಹತ್ತಿರಕ್ಕೆ ಬಂದುಬಿಟ್ಟವು. ಪೈಲಟ್ಟರ ಮುಂದಿನ ಯಂತ್ರ ಕೂಗಿಕೊಂಡಿತು. ಒಂದು ಏರಿತು, ಇನ್ನೊಂದು ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಯಾರದೋ ಕಾಫಿ ಚೆಲ್ಲಿರಬಹುದು.

ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದಾರೆ. ತನಿಖೆ ಮುಗಿಯುವ ತನಕ ಹೆಡ್‌ಸೆಟ್ ಮುಟ್ಟುವಂತಿಲ್ಲ.

ಐದಿದ್ದರೆ ಅಂತರ,
ಎರಡಾದರೆ ಅವಾಂತರ.

ಪ್ರಾಸ ಸರಿಯಾಗಿದೆ. ಬೇರೇನೂ ಸರಿಯಿಲ್ಲ.

ಮಾರ್ಚ್ 4, ಬೆಳಿಗ್ಗೆ

ಸಭೆಯ ಗಮನಕ್ಕೆ. ಒಂದೊಂದು ವಿಮಾನಕ್ಕೂ ನಮ್ಮ ಮುಂದೆ ಒಂದೊಂದು ಕಾಗದದ ಪಟ್ಟಿ ಇರುತ್ತದೆ, ಎರಡು ಬೆರಳಗಲ. ಬೋರ್ಡಿನ ಮೇಲೆ ಸಾಲಾಗಿ ಜೋಡಿಸಿರುತ್ತೇವೆ. ಎರಡು ವಿಮಾನಗಳ ದಾರಿ ಮುಂದೆಲ್ಲೋ ಅಡ್ಡ ಹಾಯುವಂತಿದ್ದರೆ ಪಟ್ಟಿಯನ್ನು ಓರೆ ಮಾಡಿ ಇಡುವುದು ರೂಢಿ. ಓರೆ ಅಂದರೆ — ಇನ್ನೂ ಬಗೆಹರಿದಿಲ್ಲ, ಕಣ್ಣಿಡು. ಬಗೆಹರಿದ ಮೇಲೆ ನೇರ.

ಮೊನ್ನೆ ನಾನು ನೋಡಿದಾಗ ಆ ವಿಮಾನದ ಪಟ್ಟಿ ನೇರವಾಗಿತ್ತು. ಬರೆದುಕೊಳ್ಳಿ ಸಭಾಸದರೇ. ನೇರ.

ನನಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವರು ನಾವೆಲ್ಲ ಗಡಿಯಾರ ಅಂತ ಕರೆಯುವ ಹಿರಿಯರು. ಹನ್ನೊಂದಕ್ಕೆ ಏಳಬೇಕೆಂದರೆ ಹನ್ನೊಂದಕ್ಕೇ ಏಳುವವರು, ಅದಕ್ಕೇ ಆ ಹೆಸರು. ನನಗೆ ಈ ಕೆಲಸ ಕಲಿಸಿದವರು. ಇನ್ನೆಂಟು ತಿಂಗಳಿಗೆ ನಿವೃತ್ತಿ. ಕುರ್ಚಿ ಬದಲಾಗುವಾಗ ಐದು ನಿಮಿಷ ಇಬ್ಬರೂ ಒಟ್ಟಿಗೆ ಕೂರಬೇಕೆಂದು ನಿಯಮ. ಹಾಗೆ ಕೂತು ಎಷ್ಟು ವರ್ಷವಾಯಿತೋ! ಮೂರು ಕುರ್ಚಿ, ಜನ ಇಬ್ಬರು. ಎದ್ದವರು ಕಾಲು ಚಾಚುವುದಕ್ಕಲ್ಲ, ಪಕ್ಕದ ಕುರ್ಚಿಗೆ ಓಡುವುದಕ್ಕೆ ಏಳುವುದು. ಅವತ್ತೂ "ಎಲ್ಲಾ ಬೋರ್ಡಲ್ಲಿದೆ, ನೋಡ್ಕೊಳಮ್ಮ" ಅಂದರು, ಓಡಿದರು.

ಮಾರ್ಚ್ 6, ಸಂಜೆ

ದೊಡ್ಡ ಸಾಹೇಬರು ಕರೆಸಿದ್ದರು. ಮೇಜಿನ ಮೇಲೆ ಆಗಲೇ ಟೈಪಾಗಿ ಕೂತಿತ್ತು, ನನ್ನ ಹೇಳಿಕೆ.

"ಪಟ್ಟಿ ನೇರ ಇತ್ತು ಅಂತೀರಿ. ಅವರು ಓರೆ ಇಟ್ಟೇ ಎದ್ದೆ ಅಂತಾರೆ. ನಾವು ನಿಮ್ಮ ಮಾತೇ ಬರೆದಿದೀವಿ. ಸೈನ್ ಹಾಕಿ, ಸೋಮವಾರದಿಂದ ಡ್ಯೂಟಿಗೆ ಬನ್ನಿ."

"ಅವರಿಗೇನಾಗುತ್ತೆ ಸಾರ್?"

"ಲೈಸೆನ್ಸ್ ಹೋಗುತ್ತೆ. ಹೇಗೂ ಮನೆಗೆ ಹೋಗೋರೇ ತಾನೆ?"

ಓದಿದೆ. ಮೂರನೆಯ ಸಾಲು: ಇಬ್ಬರೂ ಐದು ನಿಮಿಷ ಒಟ್ಟಿಗೆ ಕೂತಿದ್ದೆವು, ಸಿಬ್ಬಂದಿ ಸಾಕಷ್ಟಿತ್ತು.

"ಇದು ಸುಳ್ಳು ಸಾರ್."

"ನಿಮಗೆ ಇಂಗ್ಲಿಷ್ ಸರಿಯಾಗಿ ಅರ್ಥ ಆಗ್ಲಿಲ್ಲ ಅನ್ಸುತ್ತೆ. ನೀವು ಆ ಮೀಡಿಯಮ್ ಅಲ್ವಲ್ಲ..."

"ಇಪ್ಪತ್ತೊಂದು ವರ್ಷ ಇಂಗ್ಲಿಷಲ್ಲೇ ವಿಮಾನ ಹತ್ತಿಸಿ ಇಳಿಸಿದೀನಿ ಸಾರ್. ಒಂದು ಪುಟ ತಲೆಗೆ ಇಳಿಯಲ್ವಾ?"

ಪೆನ್ನಿನ ಮುಚ್ಚಳ ಹಾಕಿದೆ. ಮೇಜಿನ ಅಂಚಿಗೆ ಸಮನಾಗಿ ಇಟ್ಟು ಎದ್ದು ಬಂದೆ.

ಸಾಹೇಬರಿಗೆ ಬೇಕು ಸಹಿ,
ನನಗೆ ಬಾಯೆಲ್ಲ ಕಹಿ.

ಮನೆಗೆ ಬರುವವರೆಗೂ ಬೆನ್ನು ನೆಟ್ಟಗಿತ್ತು. ಬಹಳ ದಿನದ ಮೇಲೆ.

ಮಾರ್ಚ್ 7

ಗಡಿಯಾರದ ಫೋನು.

"ಸೈನ್ ಹಾಕ್ಲಿಲ್ವಂತೆ? ಯಾಕಮ್ಮ, ಹಾಕಿಬಿಡೋದಲ್ವಾ?"

"ಐದು ನಿಮಿಷ ಕೂತಿದ್ವಿ ಅಂತ ಬರೆದಿದಾರೆ ಸಾರ್. ಕೂತಿದ್ವಾ?"

"ಇಲ್ಲ ಬಿಡು." ಆಮೇಲೆ ಅವರೇ ಮುಂದುವರಿಸಿದರು. "ಓರೆ ಇಟ್ಟಿದ್ದೆ ಅಂತಲೇ ನನ್ನ ನೆನಪು. ಆದ್ರೆ ನೀನು ನೇರ ಇತ್ತು ಅಂದ್ಮೇಲೆ ಇದ್ದಿರ್ಬೇಕು. ನೀನು ಸುಳ್ಳು ಹೇಳೋಳಲ್ಲ. ನನಗೇ ವಯಸ್ಸಾಯ್ತೇನೋ... ಮೊನ್ನೆ ಗ್ಯಾಸ್ ಆರಿಸಿದೀನಾ ಅಂತ ಮೂರು ಸಲ ಎದ್ದು ನೋಡ್ದೆ ಕಣಮ್ಮ."

ಹ್ಞೂಂ ಎಂದೆ.

ಇವತ್ತು ಪ್ರಾಸವಿಲ್ಲ. ಸಭೆಯನ್ನು ಮುಂದೂಡಲಾಗಿದೆ.

ಮಾರ್ಚ್ 12, ಸಂಜೆ 5.30

ನಾಳೆ ಹತ್ತಕ್ಕೆ ವಿಚಾರಣೆ. ಹೊರಗಿನಿಂದ ಮೂವರು ಬರುತ್ತಾರಂತೆ. ಬರಲಿ. ಆಳಿಲ್ಲದ ಕುರ್ಚಿಯ ಫೋಟೋ ತೆಗೆದು ಮುಂದೆ ಹಿಡಿಯುತ್ತೇನೆ. ನಾನು ಹೆದರುವವಳಲ್ಲ ಸಭಾಸದರೇ, ಹೆದರುವವಳಾಗಿದ್ದರೆ ಬ್ಯಾಂಕಿಗೆ ಸೇರುತ್ತಿದ್ದೆ.

5.50

ಇಷ್ಟು ಬರೆಯುವಷ್ಟರಲ್ಲಿ ಊಟದ ಮನೆಯಲ್ಲಿ ಧಡಾರ್. ಓಡಿದೆ. ಯಜಮಾನರು ನೆಲದ ಮೇಲೆ, ಕುರ್ಚಿ ಅವರ ಮೇಲೆ.

"ಸೊಂಟ ಇದೆಯೇನ್ರೀ?"

"ಇದೆ, ಎಲ್ಲಿದೆ ಅಂತ ಹುಡುಕ್ತಾ ಇದೀನಿ."

ಮಗಳು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. "ಕಾಲು ಸಡಿಲ ಆಗಿದೆ, ಯಾರೂ ಕೂರ್ಬಾರ್ದು ಅಂತ ಗೋಡೆ ಕಡೆ ತಿರುಗಿಸಿ ಇಟ್ಟಿದ್ದೆ. ಯಾರು ಇದನ್ನ ನೇರ ಮಾಡಿದ್ದು?"

"ನಾನಲ್ಲ," ಎಂದೆ. ಯೋಚಿಸುವುದಕ್ಕೂ ಮುಂಚೆ ಬಾಯಿ ಅಂದುಬಿಟ್ಟಿತು.

"ಅಮ್ಮಾ, ಮನೇಲಿರೋದೇ ಮೂರು ಜನ. ಒಬ್ರು ಬಿದ್ದಿದಾರೆ."

6.15

ಸಭಾಸದರೇ —

ಇಲ್ಲ. ಇಲ್ಲಿ ಯಾರೂ ಇಲ್ಲ. ನಾನು, ಒಂದು ಪೆನ್ನು.

ಪಟ್ಟಿ ಓರೆಯಾಗಿಯೇ ಇತ್ತು. ಕೂರುವಾಗಲೇ ನೋಡಿದೆ. ಸಾಲು ಕೆಟ್ಟಂತೆ ಕಂಡಿತು, ಪ್ರಾಸ ತಪ್ಪಿದ ಹಾಗೆ. ಬೆರಳಿನಿಂದ ಒಳಗೆ ತಳ್ಳಿದೆ. ಏನು ತಳ್ಳಿದೆನೆಂದು ತಿಳಿದದ್ದು 11.04ಕ್ಕೆ. ಅವತ್ತಿನಿಂದಲೂ ಗೊತ್ತು.

ನಾಳೆ ಎರಡನ್ನೂ ಹೇಳುತ್ತೇನೆ. ನನ್ನ ಬೆರಳು, ಸಾಹೇಬರು ಕೊಡದ ಐದು ನಿಮಿಷ. ಗಡಿಯಾರ ಪಕ್ಕದಲ್ಲಿ ಕೂತಿದ್ದರೆ ನನ್ನ ಕೈಮೇಲೆ ಪಟ್ಟನೆ ಒಂದು ಕೊಡುತ್ತಿದ್ದರು. ಒಂದನ್ನು ಹೇಳಿ ಇನ್ನೊಂದನ್ನು ಬಿಡಿ ಅಂದರೆ ಬಿಡುವುದಿಲ್ಲ. ಲೈಸೆನ್ಸ್ ಕಿತ್ತುಕೊಳ್ಳುತ್ತಾರೋ, ಕಿತ್ತುಕೊಳ್ಳಲಿ. ಮಾತು ಕಿತ್ತುಕೊಳ್ಳಲಿ ನೋಡೋಣ.

ಅದಕ್ಕೆ ಮೊದಲು, ಈಗಲೇ, ಗಡಿಯಾರಕ್ಕೆ ಫೋನ್ ಮಾಡಬೇಕು. ಹೇಗೆ ಶುರು ಮಾಡಲಿ... ಸಾರ್, ನಿಮಗೆ ವಯಸ್ಸಾಗಿಲ್ಲ. ನೀವು ಓರೆಯೇ ಇಟ್ಟಿದ್ದಿರಿ. ನಾನೇ