ಮಾತೆಯ ಬೆನ್ನ ಹಿಂದಿನ ಗುಳಿಗೆ

ಆಗಸ್ಟ್ 29, ಗುರುವಾರ

ರೋಮಿನಲ್ಲಿ ಪೋಪರು ಮಲಗುವ ಕೋಣೆಯ ಕಿಟಕಿಗೆ ಸರಳು ಮಾಡಿಕೊಟ್ಟವನು ನಾನು. ಯಲ್ಲಾಪುರದಲ್ಲೇ ವೆಲ್ಡಿಂಗ್ ಮಾಡಿ ಹಡಗಿನಲ್ಲಿ ಕಳಿಸಿದ್ದು. ಇವತ್ತು ಟೀ ಅಂಗಡಿಯಲ್ಲಿ ಮೆಡಿಕಲ್ ಶಾಪಿನ ಅಸ್ಲಂಗೂ ಹೇಳಿದೆ. ಕಿಟಕಿಯ ಅಳತೆ ಯಾರು ತಂದುಕೊಟ್ಟರು ಎಂದು ಕೇಳಿದ. ಔಷಧಿ ಮಾರುವವರಿಗೆ ನಂಬಿಕೆ ಕಡಿಮೆ.

ಬೆಳಿಗ್ಗೆ ಎರಡು ಗ್ರಿಲ್. ಮಶೀನು ಮತ್ತೆ ಕೈಕೊಟ್ಟಿತು. ಹೊಸದು ಬೇಕು. ವೆಲ್ಡಿಂಗ್ ರಾಡಿನ ಖಾಲಿ ಡಬ್ಬದಲ್ಲಿ ದುಡ್ಡು ಕೂಡಿಸುತ್ತಿದ್ದೇನೆ... ಎಷ್ಟೆಂದು ಇಲ್ಲೂ ಬರೆಯುವುದಿಲ್ಲ.

ಸಂಜೆ ಅಕ್ಕನ ಮನೆ. ಅವಳ ಮಗಳು ಸೆಲಿನ್ ಚೆನ್ನಾಗಿದ್ದಾಳೆ. ಮಳೆಗಾಲದ ಸುರುವಿಗೆ ತಿಂಗಳ ಮುಟ್ಟು ನಿಲ್ಲದೆ ಹರಿದು, ಮುಖ ಸುಣ್ಣದ ಗೋಡೆ ಆಗಿತ್ತು ಹುಡುಗಿಯದು. ಸಿರ್ಸಿಗೆ ಕರೆದುಕೊಂಡು ಹೋದವನು ನಾನು. ಡಾಕ್ಟರಮ್ಮ ಆರು ತಿಂಗಳ ಗುಳಿಗೆ ಬರೆದರು. ಈಗ ಕಾಲೇಜಿನ ಮೆಟ್ಟಿಲು ಹತ್ತಿ ಇಳಿಯುತ್ತಾಳೆ, ನನಗೆ ಎದುರುತ್ತರ ಕೊಡುತ್ತಾಳೆ. ಅಂದರೆ ಗುಣ.

ಆಗಸ್ಟ್ 30, ಶುಕ್ರವಾರ

ತೆನೆ ಹಬ್ಬದ ನೊವೆನಾ, ಒಂಬತ್ತು ದಿನದ ಪ್ರಾರ್ಥನೆ, ಇವತ್ತಿಗೆ ಸುರು. ಮಕ್ಕಳು ಬುಟ್ಟಿಯಲ್ಲಿ ಹೂ ಹಿಡಿದು ಚರ್ಚಿಗೆ. ಅಕ್ಕನ ಮನೆಯಲ್ಲಿ ಮಾತ್ರ ಬೇರೆಯೇ ಹಬ್ಬ.

ಆಶಾ ಕಾರ್ಯಕರ್ತೆ ಗಂಗೆ, ನೀರು ಕುಡಿಯಲು ಬಂದು ಕೂತಿದ್ದಾಳೆ. ಚೀಲ ತೆರೆದಿದೆ. ಅದರಲ್ಲಿ ಫ್ಯಾಮಿಲಿ ಪ್ಲಾನಿಂಗ್ ಗುಳಿಗೆ... ಬಾಣದ ಗುರುತಿನ ಸಾಲು. ಸೆಲಿನ್ ನುಂಗುವ ಪಟ್ಟಿಯೂ ಅಂಥದೇ. ಅಕ್ಕ ಕೇಳಿದ್ದಾಳೆ. ಗಂಗೆಗೇನು ಗೊತ್ತು, ಎರಡೂ ಒಂದೇ ಜಾತಿಯ ಗುಳಿಗೆ ಎಂದಿದ್ದಾಳೆ.

ನಾನು ಹೋಗುವಷ್ಟರಲ್ಲಿ ಗುಳಿಗೆ ಪಟ್ಟಿ ಮನೆಯ ಆಲ್ತಾರು ಪೀಠದ ಮೇಲೆ, ಮಾತೆಯ ಪ್ರತಿಮೆಯ ಬೆನ್ನ ಹಿಂದೆ. ನೊವೆನಾ ಮುಗಿಯುವವರೆಗೆ ಅಲ್ಲೇ ಇರಬೇಕಂತೆ. ಗುಣ ಮಾಡುವುದಿದ್ದರೆ ಮಾತೆಯೇ ಮಾಡಲಿ, ಪಾಪದ ಗುಳಿಗೆ ಬೇಡ. ಮಗಳು ಅದನ್ನು ಮುಟ್ಟಿದರೆ ತಾನು ಅನ್ನ ಮುಟ್ಟುವುದಿಲ್ಲ. ಅಕ್ಕ ಫಿಲೊಮೆನಾ ಅಂದರೆ ಅದೇ. ಭಾವ ಸತ್ತಾಗಲೂ ಹಾಗೇ ಉಪವಾಸ ಬಿದ್ದು ಆಸ್ಪತ್ರೆ ಸೇರಿದವಳು.

ಪಟ್ಟಿಗೆ ಕೈ ಹಾಕಿದೆ. ತಡೆದದ್ದು ಅಕ್ಕ ಅಲ್ಲ, ಸೆಲಿನ್.

"ಬೇಡ ಮಾಮ. ಕದ್ದು ನುಂಗಿದ್ರೆ ನಾನು ಎಂತದೋ ತಪ್ಪು ಮಾಡಿದ ಹಾಗೆ ಆಗ್ತದೆ. ಅಮ್ಮನ ಎದುರೇ ನುಂಗೂದು ನಾನು. ಇಲ್ಲಾಂದ್ರೆ ಇಲ್ಲ."

ಈ ಹಟ ನಮ್ಮ ಕಡೆಯದು. ಬೈಯುವ ಹಾಗೂ ಇಲ್ಲ.

ಆಗಸ್ಟ್ 31, ಶನಿವಾರ

ಚರ್ಚಿಗೆ ಹೋದೆ. ಗೇಟು ನಾನು ಮಾಡಿದ್ದು, ಸರಿಯಾಗಿ ಹಾಕಿಕೊಳ್ಳುವುದಿಲ್ಲ... ದೇವರ ಮನೆಗೆ ಬಾಗಿಲು ತೆರೆದೇ ಇರಲಿ ಎಂದು ಬೇಕೆಂದೇ ಹಾಗೆ ಮಾಡಿದ್ದು.

ಫಾದರ್ ವಿನೋದ್ ಚಿಕ್ಕ ಪ್ರಾಯದವರು. ಪೂರಾ ಕೇಳಿದರು, ನಗಲಿಲ್ಲ. ಮಕ್ಕಳಾಗಬಾರದು ಎಂದೇ ನುಂಗುವುದನ್ನು ಚರ್ಚು ಒಪ್ಪುವುದಿಲ್ಲ, ಅದರಲ್ಲಿ ಎರಡು ಮಾತಿಲ್ಲ ಎಂದರು. ಕಾಯಿಲೆಗೆ ಎಂದು ನುಂಗಿದರೆ ಅದು ಔಷಧಿ. ಔಷಧಿಯ ಜೊತೆ ಮಕ್ಕಳಾಗದಿರುವ ಗುಣವೂ ಇದೆ ಎಂದು ಗೊತ್ತಿದ್ದರೂ ಪಾಪ ಅಲ್ಲ, ಬೇಕಾಗಿರುವುದು ಅದಲ್ಲವಲ್ಲ. ರೋಮಿನವರು ಐವತ್ತು ವರ್ಷದ ಹಿಂದೆಯೇ ಬರೆದು ಕಳಿಸಿದ್ದಾರಂತೆ.

ನಾನಂದೆ, ಕಬ್ಬಿಣ ಬೆಸೆಯಲು ಬೆಂಕಿ ಹಚ್ಚುತ್ತೇನೆ, ಕಿಡಿ ಹಾರಿ ಅಂಗಿ ತೂತಾಗುತ್ತದೆ. ಅಂಗಿ ಸುಡಲೆಂದು ಯಾರೂ ವೆಲ್ಡಿಂಗ್ ಮಾಡುವುದಿಲ್ಲ. ಫಾದರ್ ನನ್ನ ಅಂಗಿ ನೋಡಿದರು. ಒಪ್ಪಿದರು.

ಅಕ್ಕನಿಗೆ ನೀವೇ ಹೇಳಿ ಎಂದೆ. ನಾಳೆ ಪೂಜೆ ಮುಗಿಸಿ ಕಾರವಾರಕ್ಕೆ ಧ್ಯಾನಕೂಟಕ್ಕಂತೆ. ಬರುವುದು ಹಬ್ಬದ ಹಿಂದಿನ ದಿನ. ಅಕ್ಕನನ್ನು ನಾಳೆಯೇ ಕಳಿಸು ಎಂದರು.

ಸೆಪ್ಟೆಂಬರ್ 1, ಭಾನುವಾರ

ಅಕ್ಕ ಪೂಜೆಗೆ ಬಂದರೂ ಫಾದರನ್ನು ಕಾಣಲು ಹೋಗಲಿಲ್ಲ. ಮಗಳ ಮುಟ್ಟಿನ ಸುದ್ದಿಯನ್ನು ಮಗನ ಪ್ರಾಯದ ಫಾದರ್ ಹತ್ತಿರ ಬಾಯಿಬಿಟ್ಟು ಹೇಳಲಾಗದಂತೆ. ಸರಿ, ಫಾದರ್ ಹೇಳಿದ್ದನ್ನು ನಾನೇ ಹೇಳಿದೆ. ಒಂದು ಅಕ್ಷರ ಸೇರಿಸಲಿಲ್ಲ. ನನ್ನ ಜನ್ಮದಲ್ಲೇ ಮೊದಲ ಸಲ.

ಅಕ್ಕ ಅಕ್ಕಿ ಆರಿಸುತ್ತಲೇ ಇದ್ದಳು.

"ಪೋಪರ ಕಿಟಕಿ ಮಾಡಿದವ ಅಲ್ಲವನಾ ನೀನು. ಗುಳಿಗೆ ಬಗ್ಗೆನೂ ಅವರನ್ನೇ ಕೇಳಿ ಬಂದ್ಯಾ?"

ಎದ್ದು ಬಂದೆ. ಕಿಟಕಿಯ ಮೇಲೆ ಇಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಪೂಜೆಯಲ್ಲಿ ಸೆಲಿನ್ ಪರಮಪ್ರಸಾದಕ್ಕೆ ಎದ್ದು ಹೋಗಲಿಲ್ಲ. ಅಕ್ಕ ಕೂರಿಸಿದ್ದು, ಪಾಪನಿವೇದನೆ ಆಗಿಲ್ಲವೆಂದು. ಸಾಲು ಅವಳ ಮೊಣಕಾಲು ದಾಟಿ ದಾಟಿ ಹೋಯಿತು. ನೋಡದವರು ಯಾರು? ನಮ್ಮ ಓಣಿಯ ಪಾಸ್ಕು ಅಂತೂ ಕತ್ತು ತಿರುಗಿಸಿ ನೋಡಿದ. ನಾನೂ ಏಳಲಿಲ್ಲ. ನಾನು ಎಷ್ಟೋ ವರ್ಷದಿಂದ ಏಳುತ್ತಿಲ್ಲ ಎಂದು ಸೆಲಿನ್ ನೆನಪಿಸಿದಳು. ಇರಲಿ, ಇವತ್ತಿನದು ಬೇರೆ ಕೂರುವಿಕೆ.

ಸೆಪ್ಟೆಂಬರ್ 3, ಮಂಗಳವಾರ

ಗುಳಿಗೆ ನಡುವೆ ನಿಂತಿತಲ್ಲ, ರಕ್ತ ಹರಿಯುವುದು ಮತ್ತೆ ಸುರುವಾಯಿತು. ನಿನ್ನೆಯಿಂದ. ಹಿತ್ತಲ ತಂತಿಯಲ್ಲಿ ಬಟ್ಟೆಯೋ ಬಟ್ಟೆ. ಅಕ್ಕ ಅದನ್ನೇ ಗುಣ ಅನ್ನುತ್ತಾಳೆ. ಮಾತೆ ಕೆಟ್ಟದ್ದನ್ನು ಹೊರಗೆ ಹಾಕುತ್ತಿದ್ದಾಳಂತೆ. ಅಸ್ಲಂಗೆ ಹೇಳಿದೆ. ಅವನ ಮುಖ ಸಣ್ಣದಾಯಿತು. ಮೊದಲೇ ರಕ್ತ ಕಡಿಮೆ, ಹೀಗೇ ಬಿಟ್ಟರೆ ಹುಡುಗಿ ಬೀಳುತ್ತಾಳೆ ಮಾರಾಯ, ಡಾಕ್ಟರಿಗೆ ಫೋನು ಮಾಡು ಎಂದ. ಮಾಡಿದೆ. ಡಾಕ್ಟರಮ್ಮ ಬೈದರು, ಕರೆತನ್ನಿ ಎಂದರು. ಅಕ್ಕ ಒಪ್ಪಲಿಲ್ಲ. ಸೆಲಿನ್ ಅಮ್ಮನನ್ನು ಉಪವಾಸ ಕೆಡವಿ ಹೊರಡುವುದಿಲ್ಲ.

ಇಬ್ಬರೂ ಹಟಮಾರಿಗಳು. ಮಧ್ಯೆ ಹುಡುಗಿಯ ರಕ್ತ.

ಸೆಪ್ಟೆಂಬರ್ 4, ಬುಧವಾರ

ಸೆಲಿನ್ ಬಾವಿಕಟ್ಟೆಯ ಹತ್ತಿರ ತಲೆ ಸುತ್ತಿ ಕೂತಳಂತೆ. ಅಕ್ಕ ನೊವೆನಾ ಪುಸ್ತಕ ಹಿಡಿದು ಅಳುತ್ತಿದ್ದಾಳೆ, ಆದರೂ ಪಟ್ಟಿ ತೆಗೆಯಳು. ಹೆದರಿಕೆ ಅವಳಿಗೆ, ನನಗೆ ಕಾಣುತ್ತದೆ. ಗಂಡನಿಲ್ಲದ ಮನೆ. ಮದುವೆಯಾಗದ ಮಗಳ ಚೀಲದಲ್ಲಿ ಆ ಗುಳಿಗೆ ಎಂದು ನಾಳೆ ಯಾರಾದರೂ ಅಂದರೆ... ಅನ್ನಲಿ. ಅಂದವನ ಹಲ್ಲಿಗೆ ವೆಲ್ಡಿಂಗ್ ಮಾಡುತ್ತೇನೆ.

ನನ್ನ ಮಾತು ನಂಬುವುದಿಲ್ಲ. ಅಸ್ಲಂ ಮಾತು ಬೇಡ, ಅವನಿಗೆ ನಮ್ಮ ಚರ್ಚಿನದು ಏನು ಗೊತ್ತು ಅನ್ನುತ್ತಾಳೆ. ಅಕ್ಕ ನಂಬುವುದು ಒಬ್ಬನನ್ನು. ಪಾಸ್ಕು. ನಮ್ಮ ಓಣಿಯ ಗುರ್ಕಾರ, ಮನೆಮನೆಯಿಂದ ಚರ್ಚಿಗೆ ಚಂದಾ ಎತ್ತುವವನು. ಅವನೇ ಟೀ ಅಂಗಡಿಯಲ್ಲಿ ಗುಳಿಗೆ ಪಾಪ, ಗುಳಿಗೆ ಪಾಪ ಎಂದು ಹೇಳಿಕೊಂಡು ತಿರುಗುತ್ತಿರುವುದು.

ಆದರೆ ಪಾಸ್ಕುವಿನ ಒಂದು ಸ್ವಭಾವ ನನಗೆ ಗೊತ್ತು. ನಾನು ಮಳೆ ಬರುತ್ತದೆ ಎಂದರೆ ಅವನು ಬಟ್ಟೆ ಒಣಹಾಕುತ್ತಾನೆ. ಶಾಲೆಯಿಂದಲೂ ಹಾಗೇ. ಇನ್ನೊಂದು ಸ್ವಭಾವ, ಬಿಟ್ಟಿ ದುಡ್ಡು.

ಸೆಪ್ಟೆಂಬರ್ 5, ಗುರುವಾರ, ಬೆಳಿಗ್ಗೆ

ಟೀ ಅಂಗಡಿ. ಪಾಸ್ಕು ಬಂದು ಕೂತ. ಕೇಳುವ ಹಾಗೆ ಸುರು ಮಾಡಿದೆ. ಪಾಸ್ಕು ಹೇಳಿದ್ದೇ ಸರಿ, ಆ ಗುಳಿಗೆ ಪಾಪವೇ. ಕಾಯಿಲೆಗಾದರೂ ಪಾಪ, ಸಾಯುವವಳಿಗಾದರೂ ಪಾಪ. ಫಾದರ್‌ಗಿಂತ ನನಗೆ ಚೆನ್ನಾಗಿ ಗೊತ್ತು, ರೋಮಿನ ಜೊತೆ ವ್ಯವಹಾರ ಇಟ್ಟವನು ನಾನು.

ಪಾಸ್ಕುವಿನ ಗ್ಲಾಸು ಅರ್ಧದಲ್ಲೇ ನಿಂತಿತು. ನನ್ನ ಮಾತಿನ ಕಡೆಗೆ ನಿಲ್ಲುವುದೆಂದರೆ ಅವನಿಗೆ ಚೇಳು ಕಡಿದ ಹಾಗೆ.

"ಕಾಯಿಲೆಗೆ ಅಂತ ನಾ ಯಾವಾಗ ಹೇಳ್ದೆ? ಔಷಧಿಗೂ ಅದಕ್ಕೂ ವ್ಯತ್ಯಾಸ ಇಲ್ವನಾ?"

ಇಲ್ಲ ಎಂದೆ. ಪಂಥ ಎಂದೆ. ಫಾದರ್‌ಗೆ ಫೋನು ಹಚ್ಚಿ, ಅಕ್ಕನ ಎದುರೇ, ಸ್ಪೀಕರ್ ಹಾಕಿ ಕೇಳುವುದು. ಪಾಪ ಅಂದರೆ ದುಡ್ಡು ನನಗೆ, ಅಲ್ಲ ಅಂದರೆ ಅವನಿಗೆ. ಐನೂರು ರೂಪಾಯಿ.

ಅಸ್ಲಂ ಸಾಕ್ಷಿ. ಎಲ್ಲ ಅರ್ಥವಾದವನ ಹಾಗೆ ಬನ್ನು ಅದ್ದಿಕೊಂಡು ತಿನ್ನುತ್ತಿದ್ದ.

ಅದೇ ದಿನ, ಮಧ್ಯಾಹ್ನ

ಆಯಿತು!

ಪಾಸ್ಕು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಊಟದ ಬಿಡುವಿಗೆ ಫಾದರ್ ಫೋನಿಗೆ ಸಿಕ್ಕಿದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ, ಸೆರಗು ಬಾಯಿಗೆ. ಸೆಲಿನ್ ಗೋಡೆಗೆ ಒರಗಿ ಕೂತಿದ್ದಾಳೆ, ತುಟಿಯಲ್ಲಿ ಬಣ್ಣವಿಲ್ಲ. ಪಾಸ್ಕು ವಕೀಲನ ಹಾಗೆ ಕೇಳಿದ, ಕಾಯಿಲೆ, ರಕ್ತ, ಡಾಕ್ಟರು, ಒಂದೂ ಬಿಡಲಿಲ್ಲ. ನನ್ನ ಕಡೆಯ ವಕೀಲ ಇದ್ದಿದ್ದರೂ ಇಷ್ಟು ಚೆನ್ನಾಗಿ ವಾದಿಸುತ್ತಿರಲಿಲ್ಲ.

ಫಾದರ್ ದನಿ ಮನೆಯಿಡೀ ಕೇಳಿತು.

"ಪಾಪ ಅಲ್ಲ ಪಾಸ್ಕಲ್. ಅದು ಔಷಧಿ. ಕೊಡದೆ ಆ ಹುಡುಗಿಯನ್ನು ಸಾಯಲು ಬಿಡುವುದೇ ತಪ್ಪು. ಇದನ್ನೆಲ್ಲ ಇನಾಸನಿಗೆ ಶನಿವಾರವೇ ಹೇಳಿದ್ದೆನಲ್ಲ, ಅವನು ಹೇಳಲಿಲ್ಲವಾ?"

ಪಾಸ್ಕು ನನ್ನ ಮುಖ ನೋಡಿದ. ಅಕ್ಕ ನನ್ನ ಮುಖ ನೋಡಿದಳು. ಸೆಲಿನ್ ಮಾತ್ರ ನಕ್ಕಳು, ಗೋಡೆಗೆ ಒರಗಿದವಳು ಒರಗಿದ ಹಾಗೇ.

ಪಾಸ್ಕುವಿಗೆ ತಿಳಿಯಿತು. ಬುದ್ಧಿವಂತ. ಆದರೂ ಕೈ ಚಾಚಿದ. ಗೊತ್ತಿದ್ದೂ ಪಂಥ ಕಟ್ಟಿದ್ದು ನಿನ್ನ ಕರ್ಮ, ಪಂಥ ಪಂಥವೇ ಎಂದ. ಹೌದು ಎಂದೆ. ಅಂಗಡಿಗೆ ಕರೆದುಕೊಂಡು ಹೋಗಿ ಕೊಟ್ಟೆ. ಎರಡು ಸಾವಿರ.

ಮೇಲೆ ಐನೂರು ಎಂದು ಬರೆದಿದ್ದೇನೆ. ಇರಲಿ, ಹೊಡೆದು ಹಾಕುವುದಿಲ್ಲ.

ವಾಪಸು ಬಂದಾಗ ಅಕ್ಕ ಪ್ರತಿಮೆಯ ಮುಂದೆ ನಿಂತಿದ್ದಳು. ಶಿಲುಬೆ ಗುರುತು ಮಾಡಿಕೊಂಡು, ಮಾತೆಯ ಬೆನ್ನ ಹಿಂದೆ ಕೈ ಹಾಕಿ ಪಟ್ಟಿ ತೆಗೆದಳು. ಸೆಲಿನ್ ಕೈಗೆ ಕೊಟ್ಟಳು. ಸಿರ್ಸಿಗೆ ಕಾರು ಹೇಳು ಎಂದಳು ನನಗೆ. ಅಷ್ಟೇ. ಕ್ಷಮಿಸು ಎನ್ನುವವಳಲ್ಲ. ನಮ್ಮ ಕಡೆಯವರು ಯಾರೂ ಅಲ್ಲ.

ಸೆಪ್ಟೆಂಬರ್ 8, ಭಾನುವಾರ, ತೆನೆ ಹಬ್ಬ

ನಿನ್ನೆ ಸಂಜೆ ಆಸ್ಪತ್ರೆಯಿಂದ ಬಂದೆವು. ಎರಡು ಬಾಟಲಿ ರಕ್ತ. ಒಂದು ನನ್ನದು, ಬದಲಿಗೆ ಕೊಟ್ಟದ್ದು. ಇಂಥ ರಕ್ತ ನೋಡೇ ಇಲ್ಲ ಎಂದು ನರ್ಸು ಹೇಳಿದಳು. (ಹೇಳಲಿಲ್ಲ. ಆದರೆ ಹಾಗೆ ನೋಡಿದಳು.) ಗುಳಿಗೆ ಮತ್ತೆ ಸುರು. ಹರಿಯುವುದು ಕಡಿಮೆಯಾಗಿದೆ.

ಪೂಜೆಯಲ್ಲಿ ಅಕ್ಕ ಮಗಳ ಕೈ ಹಿಡಿದು ಸಾಲಿನಲ್ಲಿ ನಿಂತಳು, ಮುಂದಿನ ಬೆಂಚಿನಿಂದಲೇ, ಎಲ್ಲರೂ ನೋಡಲಿ ಎಂದೇ. ಪಾಸ್ಕು ಜಾಗ ಬಿಟ್ಟುಕೊಟ್ಟ. ಈಗ ಊರಿಡೀ ಅವನೇ ಹೇಳಿಕೊಂಡು ತಿರುಗುತ್ತಿದ್ದಾನೆ, ಔಷಧಿಗೆ ಪಾಪ ಇಲ್ಲ, ನಾನೇ ಫಾದರ್ ಹತ್ತಿರ ಕೇಳಿ ಇತ್ಯರ್ಥ ಮಾಡಿದೆ ಎಂದು. ಹೇಳಲಿ. ದುಡ್ಡು ಕೊಟ್ಟದ್ದು ಅದಕ್ಕೇ.

ಮಧ್ಯಾಹ್ನ ಹೊಸ ಅಕ್ಕಿಯ ಪಾಯಸ, ಸೊಪ್ಪು, ತರಕಾರಿ. ಹಂದಿ ಮಾಂಸ ಇಲ್ಲದ ಹಬ್ಬವೂ ಒಂದು ಹಬ್ಬವೇ. ಸೆಲಿನ್ ಎಲ್ಲರೆದುರು ಗುಳಿಗೆ ನುಂಗಿ, ಅಮ್ಮ ಹಿಡಿದ ಲೋಟದಿಂದಲೇ ನೀರು ಕುಡಿದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಮಾಮ, ಎರಡು ಸಾವಿರಕ್ಕೆ ಪಾಸ್ಕು ಬಾಪ್ಪು ಇಸ್ತ್ರಿ ಅಂಗಿ ಹಾಕಿ ಬರೂದಿಲ್ಲ. ಸರಿ ಹೇಳು, ಎಷ್ಟು?"

ಎರಡೇ ಸಾವಿರ ಎಂದೆ. ನಂಬಲಿಲ್ಲ. ಈ ಮನೆಯಲ್ಲಿ ನಾನು ಏನು ಹೇಳಿದರೂ ನಂಬುವುದಿಲ್ಲ.

ಇಲ್ಲಿ ಓದುವವರಿಲ್ಲ. ಹಳೆಯ ಮಶೀನು ಇನ್ನೊಂದು ವರ್ಷ ತಳ್ಳಬೇಕು. ರಾಡಿನ ಡಬ್ಬ ಖಾಲಿ, ತಲೆಕೆಳಗು ಮಾಡಿ ತೋರಿಸಿದರೂ ಪಾಸ್ಕು ಒಳಗೆ ಕೈ ಹಾಕಿ ನೋಡಿದ. ಪಂಥ ಐನೂರೂ ಅಲ್ಲ, ಎರಡು ಸಾವಿರವೂ ಅಲ್ಲ. ಹದಿನೆಂಟು ಸಾವಿರ. ಅದರಲ್ಲಿ ಒಂದು ನೋಟು ಹರಿದಿತ್ತು, ಅದನ್ನೂ ಬದಲಿಸಿ ಕೊಡು ಎಂದು ಆ ಪಾಸ್ಕು ಇವತ್ತು ಪೂಜೆ ಮುಗಿದ ಮೇಲೂ ಕೇಳಿದ.