ಒಲೆಯಾಚೆಯ ದಬದಬೆ

೬ ಆಗಸ್ಟ್ ೧೯೫೯, ಮೂಡಲಗಿ

ಬಸ್ಸು ಇವತ್ತೂ ಒಂದು ತಾಸು ತಡ. ಪತ್ರಿಕೆಗೆ ದೂರು ಬರೆಯಬೇಕು. ಹೋದ ಸಲ ಬರೆದದ್ದನ್ನು ಅಚ್ಚು ಹಾಕಲಿಲ್ಲ. ಇರಲಿ, ಮತ್ತೆ ಬರೆಯುತ್ತೇನೆ.

ಮಧ್ಯಾಹ್ನ ಐದನೆಯ ಇಯತ್ತೆಯ ಹುಡುಗಿಯರ ಪಾಟಿ ತಿದ್ದುತ್ತಿದ್ದಾಗ ಅಣ್ಣಾಸಾಹೇಬರು ಶಾಲೆಗೆ ಬಂದರು. ಭೂಮಿ ಅಳೆಯುವ ಮೋಜಣಿ ಖಾತೆಯಿಂದ ನಿವೃತ್ತರಾದವರು. ಈಗ ಊರಿನ ಪ್ರವಾಸ ಮಂಡಳಿ ಅವರದು. ಸ್ವಾತಂತ್ರ್ಯ ದಿನದ ಸೂಟಿಗೆ ಒಂದು ಬಸ್ಸು. ಶನಿವಾರ ಗೊಡಚಿನಮಲ್ಕಿಯ ಜಲಪಾತ, ರವಿವಾರ ಗೋಕಾಕ ಫಾಲ್ಸ. ಹೆಂಗಸರೂ ಬರಬಹುದು. ಮಂಡಳಿಯಿಂದಲೇ ಬಿಸಿ ಊಟ.

ಎರಡು ಹೆಸರು ಬರೆಸಿದೆ — ನನ್ನದು, ಉದ್ದವ್ವ ಚಿಗವ್ವನದು. ಅಕ್ಷರ ದಪ್ಪ ಬೀಳುತ್ತಿದೆ. ಅಪರೂಪಕ್ಕೆ ಸಿಟ್ಟಿನಿಂದಲ್ಲ.

ನನಗೆ ಮರೆವೆಂಬುದಿಲ್ಲ. ೧೯೨೯ರ ಮಳೆಗಾಲ. ನನಗೆ ಹದಿಮೂರು. ಅಪ್ಪ, ಕಾಕಾ, ನೆರೆಯವರು ಗಾಡಿ ಕಟ್ಟಿಕೊಂಡು ಫಾಲ್ಸ, ನಮ್ಮ ಮಾತಿನಲ್ಲಿ ದಬದಬೆ, ನೋಡಲು ಹೋದರು. ನಾವೂ ಹೋದೆವು… ಹುಣಸೆ ಮರದವರೆಗೆ. ಅಲ್ಲಿ ಮೂರು ಕಲ್ಲು ಹೂಡಿ ಹೆಂಗಸರೆಲ್ಲ ಅಡುಗೆಗೆ ಕುಳಿತರು. ಮರದಾಚೆ ನೀರಿನ ಮೊರೆತ. ಅನ್ನದ ಎಸರಿನ ಮೇಲೆ ತುಂತುರು ಬೀಳುತ್ತಿತ್ತು. ಗಂಡಸರು ನೋಡಿ ಬಂದರು, ಉಂಡರು, ತೇಗಿದರು. ಹೊತ್ತಾಯಿತು, ಎತ್ತು ಹೂಡಿ ಅಂದರು. ಕಾಕಾನ ಹೆಂಡತಿ ಚಿಗವ್ವ ಆಗ ಹರೆಯದವಳು. ನಾನು ಅತ್ತಿದ್ದಕ್ಕೆ ಅವಳೇ ಕಣ್ಣು ಒರೆಸಿದಳು. ಮುಂದಿನ ಸಲ ನೋಡೋಣ ಅಂದಳು.

ಆ ಮುಂದಿನ ಸಲ ಇದು. ಕಾಕಾ ಹೋಗಿ ಎಷ್ಟೋ ವರ್ಷವಾಯಿತು. ಚಿಗವ್ವ ನನ್ನ ಜೊತೆಗೇ ಇದ್ದಾಳೆ. ಐವತ್ತು ದಾಟಿದೆ. ಅವಳೂ ಇನ್ನೂ ನೋಡಿಲ್ಲ.

೧೩ ಆಗಸ್ಟ್

ಮನೆ ತುಂಬ ರೊಟ್ಟಿ ತಟ್ಟುವ ಸಪ್ಪಳ. ಚಿಗವ್ವ ಎರಡು ದಿನದಿಂದ ಖಡಕ್ ರೊಟ್ಟಿ ಮಾಡಿ ಬುಟ್ಟಿಗೆ ಪೇರಿಸುತ್ತಿದ್ದಾಳೆ. ಮಂಡಳಿಯವರು ಅಕ್ಕಿ, ಬೇಳೆ, ಹಂಡೆ ಎಲ್ಲ ತರುತ್ತಾರೆ, ಈ ಭಾರ ಯಾಕೆ ಎಂದು ಗದರಿದೆ.

"ಇರ್ಲಿ ಬಿಡ. ರೊಟ್ಟಿ ಏನ ನಿನಗ ಕೂಳ ಬೇಡತಾವ?"

ಆಮೇಲೆ ಅಗಸಿ ಚಟ್ನಿ ಕುಟ್ಟಲು ಕುಳಿತಳು. ವಾದ ಮುಗಿಯಿತು. ನನ್ನ ಹಳೆಯ ಛತ್ರಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅದನ್ನೇ ಒಯ್ಯುತ್ತೇನೆ. ನಿದ್ದೆ ಬರುವ ಲಕ್ಷಣವಿಲ್ಲ.

೧೫ ಆಗಸ್ಟ್, ಸಂಜೆ. ಗೋಕಾಕ, ಧರ್ಮಶಾಲೆ

ಶಾಲೆಯಲ್ಲಿ ಝೇಂಡಾ ಏರಿಸಿ ನೇರ ಬಸ್ಸಿಗೆ. ದಾರಿಯುದ್ದಕ್ಕೂ ಹಾಡು. ಜೋಳದ ಹೊಲಗಳೆಲ್ಲ ತೊಯ್ದು ಹಸಿರು. ಅಣ್ಣಾಸಾಹೇಬರ ಕೊರಳಲ್ಲಿ ಸೀಟಿ. ಅದನ್ನೂದಿ ಊದಿ ನಯಾಗರಾದ ಬಗ್ಗೆ ಹೇಳಿದರು. ಅವರು ನಯಾಗರಾ ನೋಡಿದ್ದು ಕ್ಯಾಲೆಂಡರಿನಲ್ಲಿ. ತಿದ್ದಲಿಲ್ಲ, ಅಷ್ಟು ಖುಷಿಯಲ್ಲಿದ್ದೆ.

ಗೊಡಚಿನಮಲ್ಕಿಯಲ್ಲಿ ಇಳಿದು ಕೆಸರಲ್ಲಿ ನಡೆದೆವು. ಮೊರೆತ ಕೇಳಿಸಿತು. ಕಾಲು ತಾವಾಗಿಯೇ ಓಡತೊಡಗಿದವು. ಅಷ್ಟರಲ್ಲಿ ಸೀಟಿ.

"ಹೆಣ್ಮಕ್ಳೆಲ್ಲಾ ಇಲ್ಲೇ ನಿಲ್ರಿ. ಅನ್ನ-ಸಾರು ಆಗೂದ್ರಾಗ ನಾವು ನೋಡ್ಕೊಂಡ ಬರ್ತೇವಿ. ಆಮ್ಯಾಲ ನೀವು."

ಮೂವತ್ತು ವರ್ಷ. ಬ್ರಿಟಿಷರು ಹೋದರು, ಮುಂಬಯಿ ರಾಜ್ಯ ಹೋಗಿ ಮೈಸೂರು ರಾಜ್ಯ ಬಂತು. ಮೂರು ಕಲ್ಲು ಮಾತ್ರ ಹೋಗಲಿಲ್ಲ.

ಕಟ್ಟಿಗೆ ಹಸಿ. ಬರೀ ಹೊಗೆ. ಅನ್ನ ಬೇಯುವ ಹೊತ್ತಿಗೆ ಗಂಡಸರು ಮರಳಿದರು. ಬಡಿಸಿದೆವು, ಹಂಡೆ ಬೆಳಗಿದೆವು. ಅಷ್ಟರಲ್ಲಿ ಹೊತ್ತಾಯಿತು ಅಂದರು. ಗಿಡಗಳ ನಡುವೆ ಒಂದು ಬಿಳಿ ಪಟ್ಟಿ ಕಂಡಿತು. ಅಷ್ಟೇ ನನ್ನ ಗೊಡಚಿನಮಲ್ಕಿ.

ಎಲ್ಲರ ಎದುರಿಗೇ ಸಂವಿಧಾನದ ಹದಿನೈದನೆಯ ಕಲಂ ಹೇಳಿದೆ. ಗಂಡು ಹೆಣ್ಣೆಂಬ ಭೇದ ಸಲ್ಲದು ಎಂದೆ. ಅಣ್ಣಾಸಾಹೇಬರು ಕೈ ಒರೆಸಿಕೊಳ್ಳುತ್ತ ಅಂದರು:

"ಕಾಯಿದೆ ಖರೆ ಐತ್ರಿ ಅಕ್ಕೋರ. ಹಸಿವಿನೂ ಖರೆ ಐತಲ್ರಿ."

ಎಲ್ಲರೂ ನಕ್ಕರು. ಚಿಗವ್ವ ಮಾತ್ರ ಕಾಲು ನೀವಿಕೊಳ್ಳುತ್ತ, ನಾಳೆ ಇದೆಯಲ್ಲ ಎಂದಳು. ಅವಳ ರೊಟ್ಟಿ ಗಂಟನ್ನು ಯಾರೂ ಬಿಚ್ಚಲಿಲ್ಲ. ಬಿಸಿ ಅನ್ನವಿರುವಾಗ ಯಾರಿಗೆ ಬೇಕು.

೧೬ ಆಗಸ್ಟ್, ಬೆಳಿಗ್ಗೆ. ಬಸ್ಸಿನೊಳಗೆ

ಗಂಡಸರೆಲ್ಲ ಕರದಂಟಿನ ಅಂಗಡಿಯಲ್ಲಿ. ರುಚಿ ನೋಡುವುದೇ ಮುಗಿಯುತ್ತಿಲ್ಲ. ಇದಕ್ಕೆ ಹೊತ್ತಿದೆ. ಬರೆದಿಟ್ಟಿದ್ದೇನೆ.

ಅದೇ ದಿನ, ಮಧ್ಯಾಹ್ನ. ಫಾಲ್ಸ, ಬಂಡೆಯ ಮೇಲೆ

ಕಾಗದ ತೊಯ್ಯುತ್ತಿದೆ. ತೊಯ್ಯಲಿ. ಈಗಲೇ ಬರೆಯಬೇಕು.

ಇಳಿದ ಕೂಡಲೇ ಮತ್ತೆ ಸೀಟಿ, ಮತ್ತೆ ಹಂಡೆ, ಮತ್ತೆ ಮೂರು ಕಲ್ಲು. ಹುಣಸೆ ಮರ ಅದೇ ಹಳೆಯದೋ ಬೇರೆಯದೋ, ಗೊತ್ತಾಗಲಿಲ್ಲ. ಗಂಡಸರು ಹೊರಡುವ ಮೊದಲು ಒಂದೊಂದು ಚಹಾ ಎಂದು ನಿಂತರು. ಯಾರೂ ಹೇಳದೆ ಚಿಗವ್ವ ಒಲೆಯ ಮುಂದೆ ಕುಳಿತು ಊದತೊಡಗಿದಳು. ಹೊಗೆಗೆ ಕಣ್ಣಲ್ಲಿ ನೀರು.

"ನೀ ಹೋಗವಾ. ನಾ ಒಲಿ ನೋಡ್ಕೋತೇನಿ. ಒಬ್ಬರರ ನೋಡಿ ಬಂದ್ರ ಸಾಕು."

ಕಲಂ ಯಾವುದೂ ನೆನಪಾಗಲಿಲ್ಲ. ಸೆರಗಿನಿಂದ ಹಂಡೆಯ ಕಂಠ ಹಿಡಿದೆ. ಎಸರಿನ ನೀರನ್ನೆಲ್ಲ ಒಲೆಗೆ ಸುರಿದೆ. ಚುಸ್ ಎಂದು ಬೂದಿ ಎದ್ದಿತು. ನೆರೆಮನೆಯ ಹನಮವ್ವ ಹೆಚ್ಚುತ್ತಿದ್ದ ಉಳ್ಳಾಗಡ್ಡಿ ಕೈಯಲ್ಲೇ ಉಳಿಯಿತು. ಅಣ್ಣಾಸಾಹೇಬರ ಬಾಯಿಂದ ಸೀಟಿ ಜಾರಿತು.

ಊಟಕ್ಕೇನು ಗತಿ ಎಂದು ಯಾರೋ ಕೇಳಿದರು.

ಚಿಗವ್ವ ಮೆಲ್ಲಗೆ ಎದ್ದಳು. ಬಸ್ಸಿನಿಂದ ಗಂಟು ತಂದು ಅಣ್ಣಾಸಾಹೇಬರ ಎರಡೂ ಕೈಯಲ್ಲಿಟ್ಟಳು.

"ರೊಟ್ಟಿ ಅದಾವ, ಚಟ್ನಿ ಐತಿ. ಹಚ್ಕೊಂಡ ತಿನ್ನಾಕ ಬರ್ತೈತಲ್ರಿ ನಿಮಗ?"

ಮೊದಲು ನಕ್ಕವಳು ಹನಮವ್ವ. ಆಮೇಲೆ ಎಲ್ಲ ಹೆಂಗಸರೂ. ಉಳ್ಳಾಗಡ್ಡಿ, ಈಳಿಗೆ, ಹಂಡೆ ಎಲ್ಲ ಅಲ್ಲಲ್ಲೇ ಬಿಟ್ಟು ಹೊರಟೆವು. ಅಣ್ಣಾಸಾಹೇಬರು ಗಂಟು ಹಿಡಿದುಕೊಂಡೇ ನಿಂತಿದ್ದರು.

ತೂಗು ಸೇತುವೆ ಹೆಜ್ಜೆಗೊಮ್ಮೆ ಜೀಕುತ್ತದೆ. ಹಲಗೆಗಳ ಸಂದಿಯಲ್ಲಿ ಕೆಂಪು ನೀರು ಓಡುತ್ತದೆ. ಇಡೀ ಘಟಪ್ರಭೆ ಬಂಡೆಯ ತುದಿಗೆ ಬಂದು, ಒಂದು ಕ್ಷಣ ಬಾಗಿ, ಇಲ್ಲವಾಗುತ್ತದೆ. ಕೆಳಗಿನಿಂದ ಹೊಗೆಯಂತೆ ಹನಿ ಏಳುತ್ತದೆ — ಕಣ್ಣು ಉರಿಯದ ಹೊಗೆ. ಎದೆಯೊಳಗೆ ಗುಡುಗು. ನಾನು ಕೂಗಿದೆನೋ ನಕ್ಕೆನೋ ತಿಳಿಯದು. ನನ್ನೊಳಗಿನ ಹದಿಮೂರರ ಹುಡುಗಿಗೂ ತೋರಿಸಿದೆ.

ಚಿಗವ್ವ ನನ್ನ ರಟ್ಟೆ ಬಿಗಿಹಿಡಿದು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ನೀನು ರೊಟ್ಟಿ ಕಟ್ಟಿದ್ದು ಪುಣ್ಯ ಎಂದು ಅವಳ ಕಿವಿಯಲ್ಲಿ ಕೂಗಿದೆ. ಅವಳು ನನ್ನ ಕಿವಿಗೆ ಬಾಯಿ ತಂದಳು.

"ನೀ ಅತ್ತ ಆವತ್ತೂ ರೊಟ್ಟಿ ಕಟ್ಕೊಂಡ ಬಂದಿದ್ನಿ. ಗಂಟ ಗಾಡ್ಯಾಗ ಇತ್ತ. ಯಾರೂ ಕೇಳಲಿಲ್ಲ, ನಾನೂ ಅನ್ನಲಿಲ್ಲ."

ಅದನ್ನು ಹೇಳಿ ಮತ್ತೆ ನೀರಿನ ಕಡೆ ತಿರುಗಿದಳು.

ಈಗ ಈ ಬಂಡೆಯ ಮೇಲೆ ಕುಳಿತಿದ್ದೇವೆ. ಅಲ್ಲಿ ಗಂಡಸರು ರೊಟ್ಟಿ ಮುರಿಯುತ್ತಿದ್ದಾರೆ. ಸೀಟಿ ಆಗಲೇ ಎರಡು ಸಲ ಕೂಗಿತು. ಹೊತ್ತಾಯಿತಂತೆ. ಚಿಗವ್ವ ತಿರುಗಿಯೂ ನೋಡಲಿಲ್ಲ. ಇನ್ನೊಮ್ಮೆ ಆ ದಂಡೆಗೆ ಹೋಗಿ ಬರೋಣ ಅನ್ನುತ್ತಿದ್ದಾಳೆ. ಬಸ್ಸು ಬಿಟ್ಟರೆ ಎಂದೆ. ಬಿಡಲಿ ಅಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟಳು, ನಾನಿನ್ನೂ ಇಲ್ಲಿ ಬರೆಯುತ್ತ—