ಮುಯ್ಯಿಯಿಲ್ಲದ ಸೂರು

ಚಾಕಾಪಂಪ, ಕೂಸ್ಕೊ ಸೀಮೆ
ಅಕ್ಟೋಬರ್ ೯, ಬುಧವಾರ

ನನ್ನ ಮಗಳು ಯೊವಾನಾಳಿಗೆ ಕರ್ತನ ಹೆಸರಿನಲ್ಲಿ ಸಮಾಧಾನವಾಗಲಿ.

ಇವತ್ತು ಸಭೆಯವರೆಲ್ಲ ಉಪವಾಸ. ಕುರಿಗಳನ್ನು ಬೆಟ್ಟಕ್ಕೆ ಅಟ್ಟಿ, ಅಡುಗೆಮನೆಯ ಗಿನಿಹಂದಿಗಳಿಗೆ ಹುಲ್ಲು ಹಾಕಿ, ಅಂಗಳದ ಕೆಸರು ಎಳೆದು ಬರೆಯಲು ಕೂತಿದ್ದೇನೆ. ಹೊಟ್ಟೆ ಬರಿದಾಗಿದೆ, ಮನಸ್ಸು ತುಂಬಿದೆ.

ಕಳೆದ ಮಳೆಗೆ ಕುಸಿದ ಕೋಣೆಗೆ ಗೋಡೆ ಎದ್ದು, ತೊಲೆ ಕೂತಿತ್ತು. ಸೂರೊಂದೇ ಬಾಕಿ. ನಮ್ಮಲ್ಲಿ ಅದು ಮುಯ್ಯಾಳಿನ ಕೆಲಸ. ಇಂದು ನನ್ನ ಮನೆಗೆ ದುಡಿದವನ ಮನೆಗೆ ನಾಳೆ ನಾನು ದುಡಿಯಬೇಕು. ದುಡಿದವರಿಗೆ ಸೂರಿನ ಊಟ. ನಿನ್ನ ಸೋದರಮಾವ ಫೋರ್ತುನಾತೊ ಗಟ್ಟಿ ಆಳುಗಳಿಗೆಲ್ಲ ಹೇಳಿಟ್ಟಿದ್ದ.

ಅಷ್ಟರಲ್ಲಿ ಹಿಂದಿನ ವಾರದ ಭಾನುವಾರ ಸಭೆಯಲ್ಲಿ ಆ ವಾಕ್ಯ ಓದಿದರು. ಊಟ ಮಾಡಿಸುವಾಗ ತಿರುಗಿ ಕರೆಯಬಲ್ಲ ನೆಂಟರನ್ನೂ ಉಳ್ಳವರನ್ನೂ ಕರೆಯಬೇಡ, ತೀರಿಸಲಾಗದವರನ್ನು ಕರೆ ಎಂದು. ಎಷ್ಟೋ ಸಲ ಕೇಳಿದ್ದೆ. ಈ ಸಲ ಅದು ನನ್ನ ಒಲೆಯ ಮುಂದೆಯೇ ಬಂದು ಕೂತಿತು. ಬಡವರಿಗೆ ಇನ್ನೊಂದು ದಿನ ಗಂಜಿ ಕಾಯಿಸಿದರಾಯಿತು, ಮೊದಲು ಸೂರು ಮುಗಿಯಲಿ ಎಂದು ನನಗೆ ನಾನೇ ಹೇಳಿಕೊಂಡೆ. ಆ ಜಾಣತನ ರಾತ್ರಿಯೆಲ್ಲ ಚುಚ್ಚಿತು.

ಬೆಳಿಗ್ಗೆ ನಿನ್ನ ಮಾವನ ಮನೆಗೆ ಹೋಗಿ, ನಿನ್ನ ಆಳುಗಳು ಬೇಡಪ್ಪ, ನಾನು ಕರೆಯುವವರೇ ಬೇರೆ ಎಂದೆ. ಕಣ್ಣಿಲ್ಲದ ತಿಬೂರ್ಸಿಯೊ, ಗಣಿಯಲ್ಲಿ ಕಾಲು ಕಳಕೊಂಡ ಇಲಾರಿಯೊ, ಮೇಲಿನ ಕೇರಿಯ ವಿಧವೆಯರು. ಮುಯ್ಯಿ ತೀರಿಸಲಾರರು ಎಂದು ಇವರನ್ನು ಊರಲ್ಲಿ ಯಾರೂ ಕರೆಯುವುದಿಲ್ಲ.

ನಿನ್ನ ಮಾವ ನಕ್ಕ. "ಕುರುಡ ಹೆಂಚು ಹೊದಿಸ್ತಾನೇನಕ್ಕ? ಕುಂಟ ಏಣಿ ಹತ್ತುತಾನಾ? ಮಳೆ ಬಂದಾಗ ನಿನ್ನ ಬೈಬಲ್ಲನ್ನೇ ತಲೆ ಮೇಲೆ ಇಟ್ಕೋ."

"ನಂಗೆ ಅರ್ಥ ಆಗಿದ್ದು ಇಷ್ಟೇ ಕಣೋ. ಅರ್ಥ ಆದಷ್ಟನ್ನ ಮಾಡ್ತೀನಿ," ಎಂದೆ. ಹೇಳಿದೆನೇ ಹೊರತು, ದಾರಿಯುದ್ದಕ್ಕೂ ಆಕಾಶ ನೋಡುತ್ತಲೇ ವಾಪಸು ಬಂದೆ. ಬೆಟ್ಟದ ಮೇಲೆ ಮೋಡ ಕಟ್ಟುತ್ತಿತ್ತು. ಒಂದು ಮಳೆ ಬಿದ್ದರೆ ಹೊಸ ಮಣ್ಣಿನ ಗೋಡೆ ಕರಗಿಹೋಗುತ್ತದೆ.

ಮೊನ್ನೆ ಶನಿವಾರ ಅವರೆಲ್ಲ ಒಗೆದ ಬಟ್ಟೆ ಉಟ್ಟು ಬಂದರು. ಗಿನಿಹಂದಿ ಸುಟ್ಟು, ಆಲೂಗಡ್ಡೆ ಬೇಯಿಸಿ ಬಡಿಸಿದೆ. ಯಾರೂ ತಟ್ಟೆ ಮುಟ್ಟಲಿಲ್ಲ.

ತಿಬೂರ್ಸಿಯೊ ಹೇಳಿದ: "ಬಾಸಿಲಿಯಾ ತಾಯಿ, ಸೂರಿನ ಊಟಕ್ಕೆ ಕೈ ಮಣ್ಣಾಗಿರಬೇಕು. ನಮ್ಮನ್ನ ಯಾರೂ ಕರೀಲಿಲ್ಲ ಅಷ್ಟೆ, ನಮಗೆ ಕೈಯಿಲ್ಲ ಅಂದ್ಕೊಂಡ್ಯಾ?"

ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಉಣ್ಣಲು ಕರೆದಿದ್ದೆ, ದುಡಿಯಲು ಕರೆಯಬೇಕೆಂದು ಹೊಳೆದೇ ಇರಲಿಲ್ಲ. ತಟ್ಟೆಗಳ ಮೇಲೆ ಬಟ್ಟೆ ಮುಚ್ಚಿದೆ.

ತಿಬೂರ್ಸಿಯೊ ದಿಕ್ಕು ತಪ್ಪದಂತೆ ಹಗ್ಗ ಹಿಡಿದುಕೊಂಡು ಹುಲ್ಲು ಬೆರೆಸಿದ ಮಣ್ಣು ತುಳಿದ. ಇಲಾರಿಯೊ ತೋಳಿನ ಬಲದಲ್ಲೇ ಏಣಿ ಏರಿ, ಕುದುರೆ ಹತ್ತಿದ ಹಾಗೆ ಗೋಡೆ ಮೇಲೆ ಕೂತು ಜೊಂಡು ಬಿಗಿದ. ಹೆಂಗಸರು ಕೈಯಿಂದ ಕೈಗೆ ಹೆಂಚು ದಾಟಿಸಿದೆವು. ಒಂದು ಕಡೆಯ ಇಳಿಜಾರು ಮುಗಿಯುವ ಹೊತ್ತಿಗೆ ಗುಡುಗಿತು. ಇನ್ನೊಂದು ಕಡೆ ಬರೀ ಜೊಂಡು.

ತನ್ನ ಆಳುಗಳ ಜೊತೆ ಬೇಲಿಯಾಚೆ ನಗುತ್ತ ನಿಂತಿದ್ದ ನಿನ್ನ ಮಾವ ನಗು ಬಿಟ್ಟು ಮೋಡ ನೋಡಿದ. ಆಮೇಲೆ ದಾಟಿ ಬಂದ.

"ಅಕ್ಕ, ನಾನು ಏಣಿ ಹತ್ತಿದ್ರೆ ಅದು ಯಾವ ಲೆಕ್ಕಕ್ಕೆ?"

"ಯಾವ ಲೆಕ್ಕಕ್ಕೂ ಇಲ್ಲ. ನಾನು ತೀರಿಸಲ್ಲ."

ಹುಟ್ಟಿದಾಗಿನಿಂದ ಲೆಕ್ಕವಿಲ್ಲದೆ ಒಂದು ಗುದ್ದಲಿ ಎತ್ತಿದವನಲ್ಲ ಅವನು. ಟೋಪಿ ತೆಗೆದು ತಿಬೂರ್ಸಿಯೊನ ತಲೆಗಿಟ್ಟು ಏಣಿ ಹತ್ತಿದ. ಅವನ ಹಿಂದೆ ಅವನ ಗಟ್ಟಿ ಆಳುಗಳೂ ಹತ್ತಿದರು.

ನೆತ್ತಿಯ ಹೆಂಚು ಕೂರುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು. ಎಲ್ಲರೂ ಮಣ್ಣಿನ ಕೈಯಲ್ಲಿ, ಆ ಸೂರಿನ ಕೆಳಗೆ, ತಣ್ಣಗಾದ ಆಲೂಗಡ್ಡೆ ಉಂಡೆವು. ಒಂದು ಹನಿ ಒಳಗೆ ಬೀಳಲಿಲ್ಲ ಮಗಳೇ. ಹೆಂಚಿನ ಮೇಲಿನ ಮಳೆಯನ್ನೂ ಮೀರಿಸಿ ಹಾಡಿದೆವು, ಇಲಾರಿಯೊನ ಸ್ವರ ಎಲ್ಲರಿಗಿಂತ ಮೇಲೆ. ದೇವರಿಗೆ ಸ್ತೋತ್ರ.

ನಿನ್ನ ಅಮ್ಮ,
ಬಾಸಿಲಿಯಾ

ಮರೆತ ಮಾತಲ್ಲ, ಬರೆಯಲು ಧೈರ್ಯ ಬೇಕಿತ್ತು: ಗಂಡನಿಲ್ಲದೆ ಹೆತ್ತ ಕೂಸನ್ನು ಎತ್ತಿಕೊಂಡು ಬರಿಗೈಯಲ್ಲಿ ಊರಿಗೆ ಹೇಗೆ ಬರಲಿ ಎಂದು ನೀನು ಬರೆದಿದ್ದೆ. ನಾನು ಓದಿ ಸಿಟ್ಟಾಗಿದ್ದೆ, ಆಮೇಲೆ ಆ ಕೋಣೆಯ ಗೋಡೆ ಎಬ್ಬಿಸಿದೆ. ಸೂರು ಯಾರಿಗೆಂದು ಇಲ್ಲಿ ಯಾರಿಗೂ ಹೇಳಿಲ್ಲ. ಬರಿಗೈಯಲ್ಲೇ ಬಾ. ಈ ಶನಿವಾರ ಅರೆಕಿಪಾದಿಂದ ಬರುವ ಬಸ್ಸಿನ ಹತ್ತಿರ ಹೋಗಿ ನನ್ನ ಮಗಳ ಉತ್ತರ ತಂದುಕೊಡು ಎಂದು ನಿನ್ನ ಮಾವನಿಗೆ ಹೇಳಿದ್ದೇನೆ. ಡ್ರೈವರ್ ಕೈಯಲ್ಲಿ ಕಾಗದ ಇಲ್ಲದಿದ್ದರೆ ಸೀಟುಗಳ ಕಡೆ ನೋಡು ಎಂದೂ ಹೇಳಿದ್ದೇನೆ.